ಕೆಳಗಿಳಿಯುವ ಗುಳ್ಳೆಗಳು

ದ್ರವದೊಳಗಿನ ಗಾಳಿಗುಳ್ಳೆ ಯಾವ ದಿಕ್ಕಿಗೆ ಚಲಿಸುತ್ತದೆ? ಪ್ರೌಢಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ‘ಮೇಲಕ್ಕೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಗುಳ್ಳೆಯ ಸಾಂದ್ರತೆ ದ್ರವದ ಸಾಂದ್ರತೆಗಿಂತ ಬಹಳ ಕಡಿಮೆ. ಗುಳ್ಳೆ ಸ್ಥಾನಪಲ್ಲಟಗೊಳಿಸಿದ ದ್ರವದ ತೂಕದಷ್ಟೇ ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ. ಆರ್ಕಿಮಿಡೀಸನ ಈ ತತ್ತ್ವಕ್ಕೆ ಎರಡು ಸಾವಿರ ವರ್ಷಕ್ಕೂ ಮಿಕ್ಕ ವಯಸ್ಸು. ಹೀಗಿರುವಾಗ, ‘ನಾನು ನೋಡಿದ ಗುಳ್ಳೆಗಳು ಕೆಳಕ್ಕೆ ಇಳಿಯುತ್ತಿದ್ದವು’ ಎಂದು ವಿದ್ಯಾರ್ಥಿಯೊಬ್ಬ ಹೇಳಿದರೆ ನೀವು ಏನು ಉತ್ತರ ಕೊಡುತ್ತೀರಿ?

ನನಗೆ ಈ ಪ್ರಶ್ನೆ ನಿಜವಾಗಿಯೂ ಎದುರಾಗಿತ್ತು. ನಾನು ಕೊಟ್ಟ ಉತ್ತರ ತಪ್ಪಾಗಿತ್ತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಅಲ್ಲಿಯ ಕಪ್ಪು ಬಿಯರಿನ ಲೋಟದಲ್ಲಿ ಗುಳ್ಳೆಗಳು ಗಾಜಿನ ಗೋಡೆಯ ಗುಂಟ ಕೆಳಕ್ಕೆ ಜಾರುವುದನ್ನು ಕಂಡು, ಕಾರಣ ಕೇಳಿ ನನಗೆ ಬರೆದಿದ್ದ. ‘ಅದು ದೃಷ್ಟಿಭ್ರಮೆ. ಪಕ್ಕದ ರೈಲು ಮುಂದೆ ಹೋದರೆ ನಿಂತ ರೈಲಿನಲ್ಲಿ ಕುಳಿತ ನಾವೇ ಹಿಂದಕ್ಕೆ ಸರಿದಂತೆ ಕಾಣುವುದಿಲ್ಲವೇ?’ ಎಂದು ಉತ್ತರ ಬರೆದು ನಾನು ಕೈತೊಳೆದುಕೊಂಡೆ. ಅವನು ಮತ್ತೆ ಕೇಳಲಿಲ್ಲ. ಕೆಲವು ವರ್ಷಗಳ ನಂತರ ವಿಚಾರ ಸಂಕಿರಣವೊಂದಕ್ಕೆಂದು ನಾನು ಡಬ್ಲಿನ್ನಿಗೆ ಹೋದಾಗ, ತನ್ನ ಮನೆಯ ಹತ್ತಿರದ ಪಬ್ಬಿಗೆ ನನ್ನನ್ನು ರಾತ್ರಿ ಊಟಕ್ಕೆ ಕರೆದುಕೊಂಡು ಹೋದ.

ಪಬ್ ಎಂದರೆ

‘ಪಬ್ಲಿಕ್ ಹೌಸ್’ ಎಂಬುದರ ಹ್ರಸ್ವರೂಪವೇ ಪಬ್. ಪಾನೀಯ ಮಾರುವುದು ಅದರ ಮೂಲ ವ್ಯಾಪಾರವಾದರೂ, ಐರ್ಲೆಂಡಿನ ಬಡಾವಣೆಗಳಲ್ಲಿ ಅದು ನೆರೆಹೊರೆಯವರು ಊಟ ಮಾಡುವ, ಹರಟೆ ಹೊಡೆಯುವ, ಕೆಲವೊಮ್ಮೆ ಪಿಟೀಲು ನುಡಿಸುವ ಜಾಗವೂ ಹೌದು. ನಾವು ಹೋದ ಪಬ್ಬು ಚಿಕ್ಕದು: ಮರದ ಮೇಜುಗಳು, ತಗ್ಗಿದ ಬೆಳಕು, ಮೂಲೆಯಲ್ಲಿ ಬೆಂಕಿಗೂಡು. ಹಳೆಯ ಪಬ್ಬುಗಳಲ್ಲಿ ‘ಸ್ನಗ್’ ಎಂಬ, ಮರದ ಅಡ್ಡಗೋಡೆಯಿಂದ ಮರೆಮಾಡಿದ ಪುಟ್ಟ ಕೋಣೆಯಿರುತ್ತದೆ. ನಾವು ಕುಳಿತದ್ದು ಅಂಥದೊಂದರಲ್ಲಿ. ಹೊಗೆಯ ವಾಸನೆ ಇರಲಿಲ್ಲ. 2004ರ ಮಾರ್ಚ್ 29ರಿಂದ ಆ ದೇಶದಲ್ಲಿ ಪಬ್ಬುಗಳೊಳಗೂ ಧೂಮಪಾನ ನಿಷಿದ್ಧ.

ಸಸ್ಯಾಹಾರಿಯಾದ ನನಗೆ ತರಕಾರಿ ಸೂಪು, ಆಲೂಗಡ್ಡೆಯನ್ನು ಕೋಸಿನ ಜೊತೆ ಮಸೆದು ಮಾಡುವ ಕೋಲ್ಕ್ಯಾನನ್, ಮತ್ತು ಸೋಡಾ ಬ್ರೆಡ್ಡು ಬಂದವು. ಈ ಬ್ರೆಡ್ಡಿಗೆ ಯೀಸ್ಟ್ ಹಾಕುವುದಿಲ್ಲ. ಹಿಟ್ಟಿಗೆ ಮಜ್ಜಿಗೆ ಮತ್ತು ಅಡಿಗೆ ಸೋಡಾ ಬೆರೆಸುತ್ತಾರೆ. ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಸೋಡಿಯಂ ಬೈಕಾರ್ಬೊನೇಟ್ ಜೊತೆ ವರ್ತಿಸಿ ಕಾರ್ಬನ್ ಡೈಆಕ್ಸೈಡ್ ಗುಳ್ಳೆಗಳನ್ನು ಹೊಮ್ಮಿಸುತ್ತದೆ. ಬೇಯುವಾಗ ಗುಳ್ಳೆಗಳ ಜಾಗ ಹಾಗೇ ಉಳಿದು ಬ್ರೆಡ್ಡು ಹಗುರವಾಗುತ್ತದೆ. ನಮ್ಮ ರವೆ ಇಡ್ಲಿಗೆ ಮೊಸರು, ಸೋಡಾ ಹಾಕುವುದೂ ಇದೇ ಕಾರಣಕ್ಕೆ.

ಇದು ತಟ್ಟೆಯ ಮೇಲಿನ ಗುಳ್ಳೆಗಳ ಕಥೆ. ಅವನು ತನಗಾಗಿ ತರಿಸಿದ ಗಿನ್ನೆಸ್ ಬಿಯರಿನ ಲೋಟವನ್ನು ಮಾತ್ರ ಮುಟ್ಟದೆ ನನ್ನ ಮುಂದಕ್ಕೆ ಸರಿಸಿದ. ‘ಸರ್, ಕುಡಿಯೋದು ಬೇಡ, ಸುಮ್ಮನೆ ನೋಡಿ. ಆವತ್ತು ನೀವು ಭ್ರಮೆ ಅಂದಿರಿ’ ಎಂದ.

ನಾನು ಕಣ್ಣನ್ನು ಗಾಜಿನ ಹತ್ತಿರ ತಂದು ಒಂದೊಂದೇ ಗುಳ್ಳೆಯನ್ನು ಹಿಂಬಾಲಿಸಿದೆ. ಭ್ರಮೆಯಾಗಿರಲಿಲ್ಲ. ಗೋಡೆಗೆ ಅಂಟಿದಂತಿದ್ದ ಸಣ್ಣ ಗುಳ್ಳೆಗಳು ಖಂಡಿತವಾಗಿ ಕೆಳಕ್ಕೆ ಇಳಿಯುತ್ತಿದ್ದವು.

ಗುಳ್ಳೆ ಸಣ್ಣದಾದರೆ

ಸೋಡಾ ನೀರಿನಲ್ಲಿ ಹೀಗೆ ಕಾಣುವುದಿಲ್ಲವಲ್ಲ, ಏಕೆ? ಮೊದಲ ಕಾರಣ ಗುಳ್ಳೆಯ ಗಾತ್ರ. ಸಾಮಾನ್ಯ ಬಿಯರು ಮತ್ತು ಸೋಡಾದಲ್ಲಿ ಇರುವುದು ಕಾರ್ಬನ್ ಡೈಆಕ್ಸೈಡ್. ಈ ಕಪ್ಪು ಬಿಯರಿನಲ್ಲಿ ಅದರ ಜೊತೆಗೆ ನೈಟ್ರೋಜನ್ ಕೂಡ ಇದೆ. ಗಣಿತ ಓದಿದ್ದ ಮೈಕೆಲ್ ಆಶ್ ಎಂಬವರು ಆ ಕಂಪನಿಯಲ್ಲಿದ್ದಾಗ ಅಭಿವೃದ್ಧಿಪಡಿಸಿದ ಈ ವಿಧಾನ 1959ರಲ್ಲಿ ಬಳಕೆಗೆ ಬಂತು. ನೀರಿನಲ್ಲಿ ನೈಟ್ರೋಜನ್ ಕರಗುವುದು ಬಹಳ ಕಡಿಮೆ. ಕಾರ್ಬನ್ ಡೈಆಕ್ಸೈಡ್ ಅದರ ಐವತ್ತು ಪಟ್ಟಿಗೂ ಹೆಚ್ಚು ಕರಗುತ್ತದೆ. ಒತ್ತಡದಲ್ಲಿ ಕರಗಿಸಿದ ನೈಟ್ರೋಜನ್, ನಲ್ಲಿಯೊಳಗಿನ ಸಣ್ಣ ರಂಧ್ರಗಳ ಬಿಲ್ಲೆಯ ಮೂಲಕ ದ್ರವ ನುಗ್ಗುವಾಗ ಲೆಕ್ಕವಿಲ್ಲದಷ್ಟು ಅತಿಸಣ್ಣ ಗುಳ್ಳೆಗಳಾಗಿ ಹೊರಬರುತ್ತದೆ. ಅವುಗಳ ವ್ಯಾಸ ಸುಮಾರು 0.12 ಮಿಲಿಮೀಟರ್.

ಇಷ್ಟು ಸಣ್ಣ ಗುಳ್ಳೆ ಎಷ್ಟು ವೇಗದಲ್ಲಿ ಏರುತ್ತದೆ? ಲೆಕ್ಕ ಹಾಕಲು ಬೇಕಾದ ಸೂತ್ರವನ್ನು ಕೊಟ್ಟವರೂ ಐರ್ಲೆಂಡಿನವರೇ. ಸ್ಲೈಗೊ ಪ್ರಾಂತದ ಸ್ಕ್ರೀನ್ ಎಂಬ ಹಳ್ಳಿಯಲ್ಲಿ 1819ರಲ್ಲಿ ಹುಟ್ಟಿದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್, ದ್ರವದಲ್ಲಿ ಮೆಲ್ಲನೆ ಚಲಿಸುವ ಗೋಳಕ್ಕೆ ಎದುರಾಗುವ ಸ್ನಿಗ್ಧತಾ ಬಲದ ಸೂತ್ರವನ್ನು 1851ರಲ್ಲಿ ಪ್ರಕಟಿಸಿದರು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಗ್ಲಿಸರಿನ್ ತುಂಬಿದ ಉದ್ದ ಜಾಡಿಗೆ ಉಕ್ಕಿನ ಗುಂಡು ಬಿಟ್ಟು ನೀವು ಬಳಸುವುದೂ ಈ ಸೂತ್ರವನ್ನೇ. ಅದರ ಪ್ರಕಾರ ಅಂತಿಮ ವೇಗ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸ 0.12 ಮಿ.ಮೀ., ದ್ರವದ ಸ್ನಿಗ್ಧತೆ 0.002 ಪಾಸ್ಕಲ್-ಸೆಕೆಂಡ್, ಸಾಂದ್ರತೆ ನೀರಿನಷ್ಟೇ ಎಂದು ಇಟ್ಟುಕೊಂಡರೆ ವೇಗ ಸೆಕೆಂಡಿಗೆ ಸುಮಾರು 4 ಮಿ.ಮೀ. ಎಂದು ಬರುತ್ತದೆ. ಅಂದರೆ 15 ಸೆಂ.ಮೀ. ಎತ್ತರದ ಲೋಟದ ತಳದಿಂದ ಮೇಲಕ್ಕೆ ಬರಲು ಅದಕ್ಕೆ 35ರಿಂದ 40 ಸೆಕೆಂಡು ಬೇಕು. ಬಡಿಸುವವನು ಲೋಟವನ್ನು ಮುಕ್ಕಾಲು ತುಂಬಿಸಿ, ತಿಳಿಯಾಗುವ ತನಕ ಕಾದು, ಆಮೇಲೆ ಪೂರ್ತಿ ತುಂಬುವುದು ಈ ಕಾರಣಕ್ಕೆ. ಕಂಪನಿ ಹೇಳುವ ಒಟ್ಟು ಅವಧಿ 119.5 ಸೆಕೆಂಡು!

ಆದರೆ ಸ್ಟೋಕ್ಸ್ ಸೂತ್ರ ಹೇಳುವುದೂ ಏರುವುದನ್ನೇ, ಇಳಿಯುವುದನ್ನಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಈ 4 ಮಿ.ಮೀ. ವೇಗ ಸುತ್ತಲಿನ ದ್ರವಕ್ಕೆ ಸಾಪೇಕ್ಷವಾದದ್ದು. ದ್ರವವೇ ಅದಕ್ಕಿಂತ ವೇಗವಾಗಿ ಕೆಳಕ್ಕೆ ಹರಿಯುತ್ತಿದ್ದರೆ? ಹೊಳೆಯ ಸೆಳವಿಗೆ ಎದುರಾಗಿ ಈಜುವ ನಿಧಾನಗತಿಯ ಈಜುಗಾರನಂತೆ ಗುಳ್ಳೆ ಹಿಂದಕ್ಕೆ ಕೊಚ್ಚಿಹೋಗುತ್ತದೆ. ದೊಡ್ಡ ಗುಳ್ಳೆ ಬಲವಾದ ಈಜುಗಾರ. ಅದು ಸೆಳವನ್ನು ಮೀರಿ ಏರುತ್ತದೆ. ಸೋಡಾದಲ್ಲಿ ನಾವು ಕಾಣುವುದು ಇದನ್ನೇ.

ಲೋಟದ ಆಕಾರ

ಹಾಗಾದರೆ ಗೋಡೆಯ ಬಳಿ ದ್ರವ ಕೆಳಕ್ಕೆ ಹರಿಯುವುದು ಏಕೆ? ಲೋಟವನ್ನು ನೆನಪಿಸಿಕೊಳ್ಳಿ: ಬಾಯಿ ಅಗಲ, ತಳ ಕಿರಿದು. ಗೋಡೆ ಹೊರಕ್ಕೆ ಓರೆಯಾಗಿದೆ. ಗುಳ್ಳೆಗಳು ನೇರವಾಗಿ ಮೇಲಕ್ಕೆ ಏರಿದಂತೆ ಓರೆಗೋಡೆಯಿಂದ ದೂರ ಸರಿಯುತ್ತವೆ. ಗೋಡೆಗೆ ಹತ್ತಿದ ತೆಳುವಾದ ಪದರದಲ್ಲಿ ಗುಳ್ಳೆಗಳು ವಿರಳವಾಗುತ್ತವೆ. ಗುಳ್ಳೆ ಕಡಿಮೆಯಾದ ದ್ರವ, ಗುಳ್ಳೆ ತುಂಬಿದ ದ್ರವಕ್ಕಿಂತ ಸಾಂದ್ರ. ಆದ್ದರಿಂದ ಆ ಪದರ ಗೋಡೆಯ ಇಳಿಜಾರಿನಲ್ಲಿ ಕೆಳಕ್ಕೆ ಜಾರುತ್ತದೆ. ಜೊತೆಗೆ ಅಂಚಿನ ಗುಳ್ಳೆಗಳನ್ನೂ ಎಳೆದುಕೊಂಡು ಹೋಗುತ್ತದೆ. ಅಷ್ಟೇ ಪ್ರಮಾಣದ ದ್ರವ ಲೋಟದ ನಡುವಿನಲ್ಲಿ ಮೇಲೇರುತ್ತದೆ. ಹೆಚ್ಚಿನ ಗುಳ್ಳೆಗಳು ಏರುವುದು ಅಲ್ಲೇ. ದ್ರವ ಕಪ್ಪಾದ್ದರಿಂದ ಆ ನಡುವಿನ ಚಲನೆ ಹೊರಗಿನ ನಮಗೆ ಕಾಣುವುದಿಲ್ಲ. ಆರ್ಕಿಮಿಡೀಸನ ತತ್ತ್ವ ಎಲ್ಲೂ ಸೋತಿಲ್ಲ. ಗುಳ್ಳೆಗಳನ್ನು ಕೆಳಕ್ಕೆಳೆಯುವ ಪ್ರವಾಹವನ್ನು ಹುಟ್ಟಿಸಿದ್ದೂ ಅದೇ.

1999ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದಲ್ಲಿ ಕಂಪ್ಯೂಟರ್ ಅನುಕರಣೆಯ ಮೂಲಕ ಇಂಥ ಪರಿಚಲನೆಯನ್ನು ತೋರಿಸಿದ್ದರು. 2004ರಲ್ಲಿ ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಜ಼ೇರ್ ಮತ್ತು ಎಡಿನ್‌ಬರೊದ ಆಂಡ್ರ್ಯೂ ಅಲೆಕ್ಸಾಂಡರ್ ಅತಿವೇಗದ ಕ್ಯಾಮೆರಾದಿಂದ ಇಳಿಯುವ ಗುಳ್ಳೆಗಳನ್ನು ಚಿತ್ರೀಕರಿಸಿದರು. ಲೋಟದ ಆಕಾರದ ಪಾತ್ರವನ್ನು 2012ರಲ್ಲಿ ಸ್ಪಷ್ಟಪಡಿಸಿದವರು ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾನಿಲಯದ ಗಣಿತಜ್ಞರು. ತಳ ಅಗಲ, ಬಾಯಿ ಕಿರಿದಾದ ಪಾತ್ರೆಯಲ್ಲಿ ಪರಿಚಲನೆ ತಿರುಗುಮುರುಗಾಗಿ, ಗೋಡೆಯ ಬಳಿಯ ಗುಳ್ಳೆಗಳು ಮೇಲಕ್ಕೇ ಏರುತ್ತವೆ ಎಂದು ಅವರು ತೋರಿಸಿದರು.

ತರಗತಿಯಲ್ಲಿ ಮಾಡಿ ನೋಡಿ

ಇದನ್ನು ತೋರಿಸಲು ಬಿಯರು ಬೇಕಿಲ್ಲ. ಒಂದೇ ಅಳತೆಯ ಎರಡು ಪ್ರನಾಳಗಳಲ್ಲಿ ನುಣ್ಣಗಿನ ಸೀಮೆಸುಣ್ಣದ ಪುಡಿ ಬೆರೆಸಿದ ನೀರನ್ನು ತುಂಬಿ, ಬಿರಡೆ ಹಾಕಿ, ಚೆನ್ನಾಗಿ ಕುಲುಕಿ. ಒಂದನ್ನು ನೆಟ್ಟಗೆ ನಿಲ್ಲಿಸಿ, ಇನ್ನೊಂದನ್ನು ಸುಮಾರು 45 ಡಿಗ್ರಿ ಓರೆಯಾಗಿಡಿ. ಯಾವುದು ಬೇಗ ತಿಳಿಯಾಗುತ್ತದೆ ಎಂದು ವಿದ್ಯಾರ್ಥಿಗಳು ಮೊದಲೇ ಊಹಿಸಿ ಬರೆದಿಡಲಿ. ಓರೆಯಾದದ್ದೇ ಬೇಗ ತಿಳಿಯಾಗುತ್ತದೆ. ಅದರ ಮೇಲ್ಬದಿಯ ಗೋಡೆಯ ಕೆಳಗೆ ತೆಳುವಾದ ತಿಳಿನೀರಿನ ಪದರ ಮೂಡಿ ಮೇಲಕ್ಕೆ ಹರಿಯುವುದನ್ನು ಗಮನಿಸಿ. ಲೋಟದಲ್ಲಿ ನಡೆಯುವುದು ಇದರದೇ ತಲೆಕೆಳಗಾದ ರೂಪ.

ಇಂಗ್ಲೆಂಡಿನ ರೋಗಶಾಸ್ತ್ರಜ್ಞ ಬಾಯ್ಕಾಟ್ 1920ರಲ್ಲಿ ರಕ್ತದ ನಳಿಕೆಗಳಲ್ಲಿ ಇದನ್ನು ಗುರುತಿಸಿದ್ದರಿಂದ ಇದಕ್ಕೆ ‘ಬಾಯ್ಕಾಟ್ ಪರಿಣಾಮ’ ಎಂದು ಹೆಸರು. ರಕ್ತಪರೀಕ್ಷೆಯಲ್ಲಿ ಇ.ಎಸ್.ಆರ್. ನಳಿಕೆಯನ್ನು ಕಟ್ಟುನಿಟ್ಟಾಗಿ ನೆಟ್ಟಗೆ ನಿಲ್ಲಿಸುವುದು ಇದರಿಂದಲೇ. ಸ್ವಲ್ಪ ಓರೆಯಾದರೂ ಕಣಗಳು ಬೇಗ ಇಳಿದು, ರೋಗಿಗೆ ಇಲ್ಲದ ಕಾಯಿಲೆಯ ಅನುಮಾನ ಬರಬಹುದು. ನೀರು ಶುದ್ಧೀಕರಣ ಘಟಕಗಳಲ್ಲಿ ಓರೆ ಫಲಕಗಳನ್ನಿಟ್ಟು ಕೆಸರನ್ನು ಬೇಗ ಇಳಿಸುವುದೂ ಈ ತತ್ತ್ವದಿಂದಲೇ.

ಒಂದೇ ಒಂದು ವೀಕ್ಷಣೆ

ಈ ಬಿಯರಿನ ಕಾರ್ಖಾನೆಗೆ ವಿಜ್ಞಾನದ ಜೊತೆ ಇನ್ನೊಂದು ನಂಟಿದೆ. ವಿಲಿಯಂ ಸೀಲಿ ಗಾಸೆಟ್ ಎಂಬ ರಸಾಯನ ವಿಜ್ಞಾನದ ಪದವೀಧರ 1899ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದರು. ಕೆಲವೇ ಕೆಲವು ವೀಕ್ಷಣೆಗಳಿದ್ದಾಗ ಅವುಗಳ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಅವರನ್ನು ಕಾಡಿದ ಪ್ರಶ್ನೆ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅವರು ಪ್ರಕಟಿಸಿದ ಉತ್ತರವೇ ನೀವು ಸಂಖ್ಯಾಶಾಸ್ತ್ರದಲ್ಲಿ ಕಲಿಯುವ ‘ಟಿ’ ಪರೀಕ್ಷೆಗೆ ಅಡಿಪಾಯ. ವೀಕ್ಷಣೆಗಳು ಕಡಿಮೆ ಎಂದು ಅವರು ಬದಿಗೆ ತಳ್ಳಲಿಲ್ಲ. ಅವುಗಳಿಗೆ ಎಷ್ಟು ಬೆಲೆ ಕೊಡಬೇಕೆಂದು ಲೆಕ್ಕ ಹಾಕಿದರು.

ನಾನು ನನ್ನ ವಿದ್ಯಾರ್ಥಿಯ ವೀಕ್ಷಣೆಗೆ ಆ ಬೆಲೆ ಕೊಟ್ಟಿರಲಿಲ್ಲ. ನಿಯಮ ಸರಿಯಿತ್ತು, ಅವನು ಕಂಡದ್ದೂ ಸರಿಯಿತ್ತು. ಎರಡರ ನಡುವೆ, ಕಣ್ಣಿಗೆ ಬೀಳದ ಒಂದು ಹರಿವು ಇತ್ತು. ಅದನ್ನು ಹುಡುಕುವ ಬದಲು ನಾನು ಅವನ ಕಣ್ಣನ್ನೇ ಅನುಮಾನಿಸಿದೆ. ಊಟ ಮುಗಿಯುವ ಹೊತ್ತಿಗೆ ‘ನೀನು ಹೇಳಿದ್ದು ಸರಿ, ನಾನು ಬರೆದದ್ದು ತಪ್ಪು’ ಎಂದು ಒಪ್ಪಿಕೊಂಡೆ. ಅವನು ನಕ್ಕು, ‘ಹಾಗಾದರೆ ಕಾರಣ ಏನು ಸರ್?’ ಎಂದು ಹಳೆಯ ಪ್ರಶ್ನೆಯನ್ನೇ ಕೇಳಿದ. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಮರಳಿ ಹುಡುಕಿ, ಓದಿ, ಸೀಮೆಸುಣ್ಣದ ಪ್ರಯೋಗವನ್ನೂ ಮಾಡಿ ಅವನಿಗೆ ಎರಡನೆಯ ಉತ್ತರ ಬರೆದೆ. ಈ ಲೇಖನ ಅದರದೇ ವಿಸ್ತರಣೆ.

ನಾಳೆ ನಿಮ್ಮ ತರಗತಿಯಲ್ಲಿ ಯಾರಾದರೂ ನಿಯಮಕ್ಕೆ ವಿರುದ್ಧವಾದದ್ದನ್ನು ಕಂಡೆನೆಂದು ಹೇಳಿದರೆ, ‘ಎಲ್ಲಿ, ತೋರಿಸು’ ಎಂದು ಕೇಳಿ, ಅವರ ಜೊತೆ ಹೋಗಿ ನೋಡಿ.