ಬೆರಳಿಗಷ್ಟೇ ಗೊತ್ತಾಗುವ ಬಿಗಿ

ಐಟಿಐ ಮುಗಿಸಿ ಗ್ಯಾರೇಜು ಸೇರಿದ ಮೇಲೆ ನನಗೆ ಹೆಚ್ಚು ಕಲಿಸಿದ್ದು ಹಳೆ ಕಾರಿನ ಹಿಂದಿನ ಚಕ್ರ. ಈಗಿನ ಬಹುತೇಕ ಕಾರುಗಳಲ್ಲಿ ಬೇರಿಂಗ್ ಸೀಲ್ ಆಗಿಯೇ ಬರುತ್ತದೆ. ಬದಲಿಸಿ, ಹೇಳಿದಷ್ಟು ಟಾರ್ಕ್ ಕೊಟ್ಟರೆ ಮುಗಿಯಿತು. ಟೇಪರ್ ರೋಲರ್ ಬೇರಿಂಗ್ ಹಾಗಲ್ಲ. ಅದರ ಜತೆ ಡ್ರಮ್ಮಿನೊಳಗೆ ಕೂತ ಹಳೆ ಕಪ್ಪನ್ನೂ ಹೊಡೆದು ತೆಗೆಯಬೇಕು. ಅಂಗೈಯಲ್ಲಿ ಗ್ರೀಸ್ ಇಟ್ಟು, ರೋಲರ್‌ಗಳ ಸಂದಿಗೆಲ್ಲ ಇಳಿಯುವಂತೆ ಒತ್ತಬೇಕು.

ಅಸಲಿ ಕೆಲಸ ನಟ್‌ನಲ್ಲಿದೆ. ಡ್ರಮ್ ತಿರುಗಿಸುತ್ತಲೇ ಬಿಗಿದು, ಬೇರಿಂಗ್ ಕೂತ ಮೇಲೆ ಸಡಿಲಿಸಿ, ಮತ್ತೆ ಬರೀ ಬೆರಳಲ್ಲಿ ಬಿಗಿಯುವುದು. ಅಳತೆ ಆಯಾ ಕಾರಿನ ಮ್ಯಾನ್ಯುಯಲ್‌ನಲ್ಲಿರುತ್ತದೆ, ಹದ ಮಾತ್ರ ಕೈಗೇ ಗೊತ್ತಾಗಬೇಕು. ಬಿಗಿ ಹೆಚ್ಚಾದರೆ ಹಬ್ ಕಾದು ಬೇರಿಂಗ್ ಸುಟ್ಟುಹೋಗುತ್ತದೆ. ಕಡಿಮೆಯಾದರೆ ಚಕ್ರ ಅಲ್ಲಾಡುತ್ತದೆ. ಕೊನೆಗೆ ಹೊಸ ಸ್ಪ್ಲಿಟ್ ಪಿನ್. ಹಳೆಯದನ್ನೇ ನೆಟ್ಟಗೆ ಮಾಡಿ ಹಾಕುವವರೂ ಇದ್ದಾರೆ, ಒಂದು ಚಹಾದ ದುಡ್ಡು ಉಳಿಸಲು!

ಮೊನ್ನೆ ಹೀಗೆ ಕೂರಿಸಿದ ಕಾರು ಮರುದಿನ ಮಕ್ಕಳನ್ನು ಹತ್ತಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯಬೇಕಿತ್ತು. ಸಂಜೆ ನಾನೇ ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು, ಎರಡೂ ಹಬ್‌ಗಳ ಮೇಲೆ ಕೈಯಿಟ್ಟು ನೋಡಿದೆ. ಎರಡೂ ಒಂದೇ ಸಮ ಬೆಚ್ಚಗಿದ್ದವು, ಸುಡುತ್ತಿರಲಿಲ್ಲ. ಆಮೇಲೆ ಕೀಲಿ ಕೊಟ್ಟೆ.