ಗಂಧದೆಣ್ಣೆಯ ಸತ್ವವನ್ನು ಅಳೆಯುವ ಬಗೆ

ಶ್ರೀಗಂಧದ ಎಣ್ಣೆಯ ಮೇಲ್ಮೆಯನ್ನು ಮೂಗಿನಿಂದಲೇ ನಿರ್ಣಯಿಸಬಹುದೆಂಬುದು ಸಾಮಾನ್ಯವಾದ ನಂಬಿಕೆ. ಪಳಗಿದ ಮೂಗು ಬಹಳಷ್ಟನ್ನು ಹೇಳಬಲ್ಲುದು, ನಿಜ. ಆದರೆ ಮಾರುವವನು ಮೈಸೂರಿನಲ್ಲಿಯೂ ಕೊಳ್ಳುವವನು ಲಂಡನ್ನಿನಲ್ಲಿಯೂ ಇರುವಾಗ ಇಬ್ಬರ ಮೂಗುಗಳೂ ಒಂದೇ ತೀರ್ಪನ್ನು ಕೊಡುವುವೆಂಬ ಭರವಸೆಯೇನು? ಇಬ್ಬರೂ ಒಪ್ಪತಕ್ಕ ಒಂದು ಅಂಕೆ ಬೇಕು. ಅದನ್ನು ದೊರಕಿಸಿಕೊಟ್ಟುದು ಶಾಲೆಯ ಪ್ರಯೋಗಾಲಯದಲ್ಲಿ ಎಲ್ಲರೂ ಕಂಡಿರುವ ಬ್ಯೂರೆಟ್ಟೆಂಬ ಗಾಜಿನ ಕೊಳವೆ. ಆ ವಿಧಾನಕ್ಕೆ ಅನುಮಾಪನವೆಂದು ಹೆಸರು.

ಮೈಸೂರಿಗೆ ಈ ಅಂಕೆಯ ಅಗತ್ಯ ಒದಗಿದುದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಅದುವರೆಗೆ ಸಂಸ್ಥಾನದ ಗಂಧದ ಕೊರಡುಗಳು ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗುತ್ತಿದ್ದವು. ಎಣ್ಣೆಯ ಲಾಭ ಅಲ್ಲಿಯವರ ಪಾಲಾಗುತ್ತಿತ್ತು. 1914ರಲ್ಲಿ ಯುದ್ಧ ತೊಡಗಿದೊಡನೆ ಆ ವ್ಯಾಪಾರ ಕಡಿದುಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಆಲ್‌ಫ್ರೆಡ್ ಚಾಟರ್ಟನ್ನರ ಪ್ರಯತ್ನಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ನರ ನೆರವು ದೊರೆತು, 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಬಟ್ಟಿಯಿಳಿಯಿತು. ಮರುವರ್ಷ ಮೈಸೂರಿನ ಕಾರ್ಖಾನೆ ಕೆಲಸ ಆರಂಭಿಸಿತು. ಆ ದಿನಗಳಲ್ಲಿ ಗಂಧದೆಣ್ಣೆ ಸುಗಂಧದ್ರವ್ಯವಷ್ಟೇ ಅಲ್ಲ, ಔಷಧವೂ ಆಗಿದ್ದಿತು. ಅದರಲ್ಲಿ ಸ್ಯಾಂಟಲಾಲ್ ಎಂದು ಲೆಕ್ಕಹಾಕಿದ ಮದ್ಯಸಾರ ವರ್ಗದ ವಸ್ತು ನೂರಕ್ಕೆ 90ಕ್ಕಿಂತ ಕಡಿಮೆಯಿರಕೂಡದೆಂಬುದು ಬ್ರಿಟಿಷ್ ಔಷಧಕೋಶದ ಕಟ್ಟಳೆ. ಹೊಸದಾಗಿ ಪೇಟೆಗಿಳಿದ ಎಣ್ಣೆ ಆ ಗೆರೆಯನ್ನು ದಾಟಿಯೇ ತನ್ನ ಯೋಗ್ಯತೆಯನ್ನು ತೋರಿಸಬೇಕಾಗಿತ್ತು.

ಅನುಮಾಪನದ ತತ್ತ್ವ ಸರಳವಾದುದು. ಪ್ರಬಲತೆ ತಿಳಿಯದ ಕ್ಷಾರದ್ರಾವಣವನ್ನು ಪಿಪೆಟ್ಟಿನಿಂದ 20 ಮಿಲಿಲೀಟರಿನಷ್ಟು ಅಳೆದು, ಒಂದೆರಡು ಹನಿ ಫಿನಾಲ್ಫ್ತಲೀನ್ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಪ್ರಬಲತೆ ತಿಳಿದಿರುವ ಆಮ್ಲವನ್ನು ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಟ್ಟಂತೆ ಕ್ಷಾರ ಸವೆದು, ಒಂದು ಹನಿಗೆ ಬಣ್ಣ ಮಾಯವಾಗುತ್ತದೆ. 0.1 ನಾರ್ಮಲ್ ಆಮ್ಲ 25 ಮಿಲಿಲೀಟರ್ ಖರ್ಚಾಗಿದ್ದರೆ, 25ನ್ನು 0.1ರಿಂದ ಗುಣಿಸಿ 20ರಿಂದ ಭಾಗಿಸಬೇಕು; ಕ್ಷಾರದ ಪ್ರಬಲತೆ 0.125 ನಾರ್ಮಲ್.

ಗಂಧದೆಣ್ಣೆಯಲ್ಲಿ ತೊಡಕೊಂದಿದೆ. ಸ್ಯಾಂಟಲಾಲ್ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಬ್ಯೂರೆಟ್ಟಿನ ಕರೆಗೆ ಅದು ಓಗೊಡುವುದಿಲ್ಲ. ಆದುದರಿಂದ ಮೊದಲು ಎಣ್ಣೆಯನ್ನು ಅಸಿಟಿಕ್ ಅನ್‌ಹೈಡ್ರೈಡಿನೊಡನೆ ಕುದಿಸಿ ಸ್ಯಾಂಟಲಾಲನ್ನು ಎಸ್ಟರಾಗಿ ಮಾರ್ಪಡಿಸುತ್ತಾರೆ. ಉಳಿದ ಆಮ್ಲವನ್ನು ಚೆನ್ನಾಗಿ ತೊಳೆದು ತೆಗೆಯಬೇಕು; ತೊಳೆಯುವಲ್ಲಿ ಆಲಸ್ಯ ತೋರಿದರೆ ಕೆಳಮಟ್ಟದ ಎಣ್ಣೆಯೂ ಉತ್ತಮವೆಂದು ತೋರೀತು. ಹೀಗೆ ಸಿದ್ಧವಾದ ಎಣ್ಣೆಯಲ್ಲಿ 2 ಗ್ರಾಂ ತೂಗಿ, 25 ಮಿಲಿಲೀಟರ್ ಅರ್ಧ ನಾರ್ಮಲ್ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಮದ್ಯಸಾರ ದ್ರಾವಣದೊಡನೆ ಕುದಿಸುತ್ತಾರೆ. ಎಸ್ಟರು ಒಡೆಯುವಾಗ ತನ್ನ ಪ್ರಮಾಣಕ್ಕೆ ತಕ್ಕಷ್ಟು ಕ್ಷಾರವನ್ನು ನುಂಗುತ್ತದೆ. ಮಿಕ್ಕ ಕ್ಷಾರವೆಷ್ಟೆಂಬುದನ್ನು ಅರ್ಧ ನಾರ್ಮಲ್ ಆಮ್ಲದಿಂದ ಅಳೆಯುತ್ತಾರೆ. ಉಂಡದ್ದನ್ನು ನೇರವಾಗಿ ಎಣಿಸಲಾಗದಿದ್ದಾಗ ಪಾತ್ರೆಯಲ್ಲಿ ಉಳಿದುದನ್ನು ನೋಡಿ ಲೆಕ್ಕಹಾಕುವ ಗೃಹಿಣಿಯ ಜಾಣತನವೇ ಇದು.

ಎಣ್ಣೆಯಿಲ್ಲದ ಇನ್ನೊಂದು ಸೀಸೆಯನ್ನೂ ಅದೇ ರೀತಿ ಕುದಿಸುವುದುಂಟು. ಕ್ಷಾರದ್ರಾವಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ಬಲಗುಂದುವ ಸ್ವಭಾವದ್ದು. ಆ ನಷ್ಟವನ್ನು ಎಣ್ಣೆಯ ಲೆಕ್ಕಕ್ಕೆ ಸೇರಿಸಬಾರದಷ್ಟೆ. ಬರಿಯ ಸೀಸೆಗೆ 24.8 ಮಿಲಿಲೀಟರ್ ಆಮ್ಲವೂ ಎಣ್ಣೆಯ ಸೀಸೆಗೆ 10.6 ಮಿಲಿಲೀಟರೂ ಹಿಡಿದುವೆಂದು ಭಾವಿಸೋಣ. ವ್ಯತ್ಯಾಸ 14.2. ಅರ್ಧ ನಾರ್ಮಲ್ ಕ್ಷಾರದ ಒಂದು ಮಿಲಿಲೀಟರಿಗೆ 0.110 ಗ್ರಾಂ ಸ್ಯಾಂಟಲಾಲ್ ಸಮನಾದುದರಿಂದ ಒಟ್ಟು 1.562 ಗ್ರಾಂ. ಆದರೆ ತೂಗಿದ 2 ಗ್ರಾಂ ಮೂಲ ಎಣ್ಣೆಯಲ್ಲ. ಎಸ್ಟರಾಗುವಾಗ ಪ್ರತಿ ಮಿಲಿಲೀಟರಿನ ಲೆಕ್ಕಕ್ಕೆ 0.021 ಗ್ರಾಂ ತೂಕ ಹೊರಗಿನಿಂದ ಸೇರಿದೆ. ಅದನ್ನು ಕಳೆದರೆ ಮೂಲ ಎಣ್ಣೆ 1.702 ಗ್ರಾಂ. ಆದ್ದರಿಂದ ಸ್ಯಾಂಟಲಾಲ್ ನೂರಕ್ಕೆ ಸುಮಾರು 92. ಎಣ್ಣೆ ತೇರ್ಗಡೆಯಾಯಿತು.

ಇಲ್ಲಿ ಕೈಯ ನಿಷ್ಠೆಗೆ ಎಷ್ಟು ಬೆಲೆಯಿದೆಯೆಂಬುದನ್ನು ಗಮನಿಸತಕ್ಕದ್ದು. ಒಂದು ಹನಿಯೆಂದರೆ ಸುಮಾರು 0.05 ಮಿಲಿಲೀಟರ್. ಎರಡು ಹನಿ ಹೆಚ್ಚು ಕಡಿಮೆಯಾದರೆ ಉತ್ತರದಲ್ಲಿ ನೂರಕ್ಕೆ ಮುಕ್ಕಾಲರಷ್ಟು ಅಂತರ ಬೀಳುತ್ತದೆ. 89.6 ಇರುವ ಎಣ್ಣೆ 90.3 ಎಂದು ಪತ್ರ ಪಡೆಯುವುದಕ್ಕೆ, ಅಥವಾ ಸರಿಯಾದ ಎಣ್ಣೆ ತಿರಸ್ಕಾರಕ್ಕೀಡಾಗುವುದಕ್ಕೆ ಅಷ್ಟು ಸಾಕು. ಒಮ್ಮೆ ಅಳೆದು ಬಿಡದೆ, ಎರಡು ಮೂರು ಸಲ ಹೊಂದಿಕೆಯಾಗುವವರೆಗೆ ಅಳೆಯಬೇಕೆಂದು ಉಪಾಧ್ಯಾಯರು ಒತ್ತಾಯಪಡಿಸುವುದು ಸುಮ್ಮನೆ ಅಲ್ಲ.

ಈ ವಿಧಾನಕ್ಕೆ ಒಂದು ಮಿತಿಯೂ ಇದೆ. ಬ್ಯೂರೆಟ್ಟು ಮದ್ಯಸಾರದ ಗುಂಪನ್ನು ಎಣಿಸುತ್ತದೆಯೇ ಹೊರತು ಅದು ಯಾರ ಮನೆಯದೆಂದು ವಿಚಾರಿಸುವುದಿಲ್ಲ. ಅದೇ ವರ್ಗದ ಅಗ್ಗದ ವಸ್ತುವನ್ನು ಬೆರೆಸಿದರೆ ಅದೂ ಸ್ಯಾಂಟಲಾಲ್ ಎಂದೇ ಲೆಕ್ಕಕ್ಕೆ ಬರಬಹುದು. ಅದಕ್ಕಾಗಿಯೇ ಸಾಪೇಕ್ಷ ಸಾಂದ್ರತೆ, ಬೆಳಕನ್ನು ತಿರುಗಿಸುವ ಗುಣ ಮೊದಲಾದುವನ್ನೂ ಜೊತೆಗೆ ಪರೀಕ್ಷಿಸುತ್ತ ಬಂದರು. ಈಗ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರವು ಎಣ್ಣೆಯ ಘಟಕಗಳನ್ನು ಬೇರೆಬೇರೆಯಾಗಿ ಬಿಡಿಸಿ ತೋರಿಸುತ್ತದೆ. 2002ರ ಅಂತರರಾಷ್ಟ್ರೀಯ ಮಾನಕದಲ್ಲಿ ಆಲ್ಫಾ ಸ್ಯಾಂಟಲಾಲ್ ನೂರಕ್ಕೆ 41ರಿಂದ 55, ಬೀಟಾ ಸ್ಯಾಂಟಲಾಲ್ 16ರಿಂದ 24 ಇರಬೇಕೆಂದು ಪ್ರತ್ಯೇಕವಾಗಿಯೇ ವಿಧಿಸಲಾಗಿದೆ.