ವಾಣಿ ವಿಲಾಸ: ಫಲಕದ ಹಿಂದಿರುವ ಮಹಾರಾಣಿ

ಸುಬ್ರಹ್ಮಣ್ಯಪುರದಿಂದ ಬನಶಂಕರಿ ಮಾರ್ಗವಾಗಿ ಸಿಟಿ ಮಾರ್ಕೆಟ್ಟಿನತ್ತ ಹೊರಟವರಿಗೆ ನ್ಯಾಷನಲ್ ಕಾಲೇಜಿನ ಬಳಿ ‘ವಾಣಿ ವಿಲಾಸ ರಸ್ತೆ’ ಎಂಬ ಹೆಸರು ಎದುರಾಗುತ್ತದೆ. ಮಾರ್ಕೆಟ್ಟಿನ ಹತ್ತಿರ ವಾಣಿ ವಿಲಾಸ ಆಸ್ಪತ್ರೆ ಇದೆ. ದೂರದ ಚಿತ್ರದುರ್ಗ ಜಿಲ್ಲೆಯಲ್ಲಿ ವಾಣಿ ವಿಲಾಸ ಸಾಗರವಿದೆ. ಈ ಹೆಸರನ್ನು ದಿನವೂ ಉಚ್ಚರಿಸುವ ಎಷ್ಟು ವಿದ್ಯಾರ್ಥಿಗಳಿಗೆ ಈ ‘ವಾಣಿ ವಿಲಾಸ’ ಯಾರೆಂದು ಗೊತ್ತು?

ಅವರ ನಿಜನಾಮ ಕೆಂಪನಂಜಮ್ಮಣ್ಣಿ. ‘ವಾಣಿ ವಿಲಾಸ ಸನ್ನಿಧಾನ’ ಎಂಬುದು ಅರಮನೆಯ ಬಿರುದು. ಕಳಲೆ ಅರಸು ಮನೆತನದ ಈ ಹೆಣ್ಣುಮಗಳು ಜನಿಸಿದ್ದು 1866ರಲ್ಲಿ. 1878ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಮೈಸೂರಿನ ಚಾಮರಾಜೇಂದ್ರ ಒಡೆಯರೊಡನೆ ಅವರ ವಿವಾಹವಾಯಿತು. ನಂಜನಗೂಡಿನ ಬಳಿಯ ಪುಟ್ಟ ಊರು ಕಳಲೆ ಮೈಸೂರು ರಾಜಮನೆತನಕ್ಕೆ ಅನೇಕ ರಾಣಿಯರನ್ನೂ ದಳವಾಯಿಗಳನ್ನೂ ಕೊಟ್ಟಿದೆ.

ಔಷಧಿ ಇತ್ತು, ಕೈಗೆ ಸಿಗಲಿಲ್ಲ

1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಗೆ ಹೋಗಿದ್ದರು. ಅಲ್ಲಿ ಗಂಟಲುಮಾರಿ, ಅಂದರೆ ಡಿಫ್ತೀರಿಯಾ ತಗುಲಿ ಡಿಸೆಂಬರ್ 28ರಂದು ತೀರಿಕೊಂಡರು. ಅವರಿಗಿನ್ನೂ ಮೂವತ್ತೆರಡು ತುಂಬಿರಲಿಲ್ಲ. ರೋಗಾಣುವಿನ ವಿಷವನ್ನು ಅಡಗಿಸುವ ಪ್ರತಿವಿಷವನ್ನು ಬೇರಿಂಗ್ ಮತ್ತು ಕಿಟಸಾಟೊ 1890ರಲ್ಲೇ ಪ್ರಕಟಿಸಿದ್ದರು. ಅದರಿಂದ ಮಕ್ಕಳು ಬದುಕುಳಿದ ವಿವರವನ್ನು ಫ್ರಾನ್ಸಿನ ಎಮಿಲ್ ರೂ ಅವರು ಬುಡಾಪೆಸ್ಟಿನ ಸಮ್ಮೇಳನದಲ್ಲಿ ಜಗತ್ತಿಗೆ ತಿಳಿಸಿದ್ದು 1894ರ ಸೆಪ್ಟೆಂಬರಿನಲ್ಲಿ. ಮಹಾರಾಜರು ತೀರಿಕೊಂಡದ್ದು ಅದಾದ ಮೂರೇ ತಿಂಗಳಿಗೆ. ಇಂದು ಒಂದೂವರೆ ತಿಂಗಳ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುವ ಚುಚ್ಚುಮದ್ದು ಇದೇ ರೋಗವನ್ನು ತಡೆಯುತ್ತದೆ.

ಮಗ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ಇಪ್ಪತ್ತೆಂಟರ ತಾಯಿ ರಾಜ್ಯದ ರೀಜೆಂಟರಾದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಆಡಳಿತ ಮಂಡಲಿಯ ಸಹಾಯದಿಂದ 1902ರವರೆಗೆ ಮೈಸೂರನ್ನು ಆಳಿದರು.

ಸುಟ್ಟ ಅರಮನೆ, ಕಂಗೆಟ್ಟ ನಗರ

ಕಷ್ಟಗಳು ಒಂದರ ಹಿಂದೊಂದು ಬಂದವು. 1897ರಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಮೈಸೂರಿನ ಮರದ ಅರಮನೆಗೆ ಬೆಂಕಿ ಬಿತ್ತು. ಅರಸು ಕುಟುಂಬ ಜಗನ್ಮೋಹನ ಅರಮನೆಗೆ ಸ್ಥಳಾಂತರಗೊಂಡಿತು. ಹೊಸ ಅರಮನೆಯ ಹೊಣೆಯನ್ನು ಮಹಾರಾಣಿಯವರು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ವಹಿಸಿದರು. ದಸರೆಗೆ ಹೋದಾಗ ನಾವು ಬೆರಗಾಗಿ ನೋಡುವ, 1912ರಲ್ಲಿ ಮುಗಿದ ಅರಮನೆ ಅದೇ. ಅದಕ್ಕಾದ ಖರ್ಚು ಸುಮಾರು 41 ಲಕ್ಷ ರೂಪಾಯಿ.

ಅದೇ 1897ರ ಜೂನ್ 22ರಂದು ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಮಹಾರಾಣಿಯವರು ಶಂಕುಸ್ಥಾಪನೆ ಮಾಡಿದರು. ಮರುವರ್ಷದ ಆಗಸ್ಟಿನಲ್ಲಿ ನಗರಕ್ಕೆ ಪ್ಲೇಗು ಬಂತು. ಇಲಿಯಿಂದ ಮನುಷ್ಯನಿಗೆ ರೋಗ ದಾಟಿಸುವುದು ಚಿಗಟ ಎಂದು ಪಾಲ್ ಲೂಯಿ ಸಿಮೊನ್ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲೇ. ಆದರೆ ಆ ಮಾತನ್ನು ಕೂಡಲೇ ನಂಬಿದವರು ಕಡಿಮೆ. ಇಕ್ಕಟ್ಟಾದ ಪೇಟೆಯ ಓಣಿಗಳೇ ರೋಗದ ಮನೆ ಎಂಬುದು ಮಾತ್ರ ಎಲ್ಲರಿಗೂ ಮನವರಿಕೆಯಾಗಿತ್ತು. ಗಾಳಿ ಬೆಳಕು ಧಾರಾಳವಾಗಿ ಬರುವ ಅಗಲ ರಸ್ತೆಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲಿ. ವಾಣಿ ವಿಲಾಸ ರಸ್ತೆ ಬಸವನಗುಡಿಯಲ್ಲೇ ಇರುವುದು ಅರ್ಥಪೂರ್ಣವಾಗಿದೆ. ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು.

ಶಿವನಸಮುದ್ರದ ಬೆಳಕು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಒಯ್ಯುವ ಯೋಜನೆ ಅಂದು ದೊಡ್ಡ ಸಾಹಸ. ದೂರ ಸುಮಾರು 147 ಕಿಲೋಮೀಟರ್. ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಪ್ರೌಢಶಾಲೆಯಲ್ಲಿ ಕಲಿಯುತ್ತೇವಲ್ಲ? ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಯನ್ನು ಹತ್ತನೇ ಒಂದು ಭಾಗ ಪ್ರವಾಹದಲ್ಲಿ ಸಾಗಿಸಬಹುದು. ನಷ್ಟ ನೂರನೇ ಒಂದಕ್ಕೆ ಇಳಿಯುತ್ತದೆ. ಈ ತತ್ವದ ಮೇಲೆಯೇ 30 ಸಾವಿರ ವೋಲ್ಟಿಗೂ ಮೀರಿದ ಒತ್ತಡದಲ್ಲಿ ವಿದ್ಯುತ್ ಹರಿಯಿತು. ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1902ರ ಜೂನ್ 30ರಂದು ಗಣಿಗೆ ವಿದ್ಯುತ್ ತಲುಪಿದಾಗ, ಯೋಜನೆಗಾಗಿ ದುಡಿದ ಶೇಷಾದ್ರಿ ಅಯ್ಯರ್ ಬದುಕಿರಲಿಲ್ಲ. 1905ರ ಆಗಸ್ಟಿನಲ್ಲಿ ಇದೇ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು.

ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಣೆಕಟ್ಟೆ ಕಟ್ಟುವ ಕೆಲಸ ಆರಂಭವಾದದ್ದೂ ಮಹಾರಾಣಿಯವರ ಆಡಳಿತದಲ್ಲಿ, ಮುಗಿದದ್ದು 1907ರಲ್ಲಿ. ಇದರ ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ. ಅಡಿ. ಬರದ ಸೀಮೆಯ ಈ ಜಲಾಶಯ 1933ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ! ಅಷ್ಟು ವರ್ಷವೂ ಕಟ್ಟೆ ಗಟ್ಟಿಯಾಗಿಯೇ ನಿಂತಿತ್ತು.

ಅಧಿಕಾರದಿಂದಾಚೆ

1902ರ ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ ಲಾರ್ಡ್ ಕರ್ಜನ್ನನ ಸಮ್ಮುಖದಲ್ಲಿ ಹದಿನೆಂಟರ ಮಗನಿಗೆ ಆಡಳಿತವನ್ನು ಒಪ್ಪಿಸಿ ಮಹಾರಾಣಿಯವರು ಹಿಂದೆ ಸರಿದರು. ಮುಂದೆ ಅದೇ ಮಗ ನಾಲ್ವಡಿಯವರೆಂದು ನಾಡಿಗೆಲ್ಲ ಪ್ರಿಯರಾದರು.

ಆದರೆ ರೋಗ ಈ ಮನೆಯನ್ನು ಬಿಡಲಿಲ್ಲ. ಮಗಳು ಕೃಷ್ಣಾಜಮ್ಮಣ್ಣಿಯವರನ್ನೂ ಬಳಿಕ ಆಕೆಯ ಹೆಣ್ಣುಮಕ್ಕಳನ್ನೂ ಕ್ಷಯ ಕೊಂಡೊಯ್ದಿತು. ಆಗ ಕ್ಷಯಕ್ಕೆ ಔಷಧಿಯಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಆ ರಾಜಕುಮಾರಿಯ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳಿಗಾಗಿ ಆಸ್ಪತ್ರೆ ಎದ್ದಿತು. ಅರಮನೆಯ ದುಃಖ ಬಡವರ ಪಾಲಿಗೆ ಆಸರೆಯಾಯಿತು.

ಮಹಾರಾಣಿಯವರು 1934ರ ಜುಲೈ 7ರಂದು ನಿಧನರಾದರು. ಮರುವರ್ಷ ಬೆಂಗಳೂರಿನಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ವಾಣಿ ವಿಲಾಸ ಆಸ್ಪತ್ರೆ ತೆರೆಯಿತು. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಈ ಊರಿನ ಎಷ್ಟೋ ಮನೆಗಳ ಅಜ್ಜಿಯರು, ತಾಯಂದಿರು, ಮಕ್ಕಳು ಕಣ್ಣು ಬಿಟ್ಟದ್ದು ಅಲ್ಲೇ.

ರಜಾ ದಿನದಲ್ಲಿ ಮಕ್ಕಳನ್ನು ಮೈಸೂರಿಗೋ ಶಿವನಸಮುದ್ರಕ್ಕೋ ಕರೆದೊಯ್ಯುವ ತಂದೆತಾಯಿಗಳು ಈ ಕಥೆಯನ್ನೂ ಜೊತೆಗೆ ಹೇಳಬಹುದು. ದೂರ ಹೋಗಲಾಗದಿದ್ದರೆ ಬಸವನಗುಡಿಯ ಆ ರಸ್ತೆಯ ಫಲಕದ ಮುಂದೆ ಒಂದು ನಿಮಿಷ ನಿಂತರೂ ಸಾಕು.